ದೋಣಿಗೆ ತುಕ್ಕು ಹಿಡಿಯಿತೇ?

ಮಕ್ಕಳೇ, 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ನಮ್ಮ ಜಿಲ್ಲೆಯಲ್ಲಿ ಜನರನ್ನು ದೋಣಿಗಳಲ್ಲಿ ಸಾಗಿಸಿದ್ದರು. ಅಂಥ ದೋಣಿ ಸದಾ ಸಿದ್ಧವಾಗಿರಬೇಕಲ್ಲವೇ?

ಚೌಡಾಪುರದ ಕಡೆ ಶೆಡ್ಡಿನಲ್ಲಿಟ್ಟಿದ್ದ ಬಿಳಿ ಫೈಬರ್ ದೋಣಿಯ ಮೇಲೆ ಕಂದು ಚುಕ್ಕೆಗಳನ್ನು ಕಂಡೆ. ಫೈಬರ್‌ಗೆ ತುಕ್ಕು ಹಿಡಿಯದು! ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಆಡಿಸಿದಾಗ ಕಪ್ಪು ಪುಡಿ ಅಂಟಿತು. ಅದು ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಹಾರಿಬಂದ ಕಬ್ಬಿಣದ ಪುಡಿ. ತೇವ ಮತ್ತು ಆಮ್ಲಜನಕ ಸೇರಿದಾಗ ಅದೇ ತುಕ್ಕಾಗುತ್ತದೆ.

ಮೊದಲು ನೀರು ಸುರಿದು ಪುಡಿ ತೊಳೆದೆವು. ಹಾಗೆಯೇ ಉಜ್ಜಿದರೆ ಗೀರು ಬೀಳುತ್ತದೆ. ಅನಂತರ ನಿಂಬೆರಸ ಹಚ್ಚಿದೆವು. ಅದರ ಸಿಟ್ರಿಕ್ ಆಮ್ಲ ಕಲೆಯನ್ನು ಕರಗಿಸಿತು. ಕಬ್ಬಿಣದ ನಾರಿನಿಂದ ಮಾತ್ರ ತಿಕ್ಕಬಾರದು. ಅದರ ಚೂರುಗಳು ಉಳಿದು ಮತ್ತೆ ತುಕ್ಕಾಗುತ್ತವೆ.

ಆದರೆ ಬೋಲ್ಟಿಗೆ ಹಿಡಿದ ತುಕ್ಕು ಬರೀ ಕಲೆಯಲ್ಲ. ಅದು ಲೋಹವನ್ನೇ ತಿನ್ನುತ್ತದೆ. ಅಂಥ ಬೋಲ್ಟನ್ನು ಮಳೆಗಾಲಕ್ಕೆ ಮೊದಲೇ ಬದಲಿಸಬೇಕು.