ಪೊದೆಯ ಮರೆಯಿಂದ ಮ್ಯಾರಥಾನ್‌ಗೆ

ಬಾಸ್ಟನ್ ಮ್ಯಾರಥಾನ್ ಶುರುವಾಗುವುದು ಬಾಸ್ಟನ್ನಿನಲ್ಲಲ್ಲ! ಅಮೆರಿಕದ ಆ ನಗರದ ಪಶ್ಚಿಮಕ್ಕಿರುವ ಹಾಪ್ಕಿಂಟನ್ ಎಂಬ ಪುಟ್ಟ ಊರಿನಲ್ಲಿ. 1924ರಿಂದ ಓಟ ಹೊರಡುವುದು ಇಲ್ಲಿಂದಲೇ. ನಗರ ಮುಟ್ಟಲು 42 ಕಿಲೋಮೀಟರ್. 1897ರ ಮೊದಲ ಓಟ ಪಕ್ಕದ ಆಶ್‌ಲ್ಯಾಂಡಿನಿಂದ ಹೊರಟಿತ್ತು. ಸ್ಪರ್ಧಿಗಳು ಬರೇ 15 ಮಂದಿ, ಎಲ್ಲರೂ ಗಂಡಸರು.

ಆಮೇಲೂ ದಶಕಗಟ್ಟಲೆ ಅದು ಗಂಡಸರ ಓಟವೇ. 1966ರಲ್ಲಿ 23ರ ತರುಣಿ ಬಾಬಿ ಗಿಬ್ ಅರ್ಜಿ ಕೇಳಿದಾಗ, ಅಷ್ಟು ದೂರ ಓಡುವ ಶಕ್ತಿ ಹೆಣ್ಣಿಗಿಲ್ಲವೆಂದು ಸಂಘಟಕರು ಉತ್ತರ ಬರೆದರು. ಮಗಳ ತಲೆ ಕೆಟ್ಟಿದೆಯೆಂದೇ ತಂದೆಯ ಅನಿಸಿಕೆ. ತಾಯಿ ಮಾತ್ರ ಕಾರಿನಲ್ಲಿ ಹಾಪ್ಕಿಂಟನ್ನಿಗೆ ಬಿಟ್ಟುಬಂದರು. ಸೋದರನ ಚಡ್ಡಿ ತೊಟ್ಟು ಪೊದೆಯ ಮರೆಯಲ್ಲಿ ಕಾದಿದ್ದ ಗಿಬ್, ಅರ್ಧದಷ್ಟು ಓಟಗಾರರು ಮುಂದೆ ಹೋದ ಮೇಲೆ ಗುಂಪಿಗೆ ಸೇರಿಕೊಂಡಳು. ಹೆಣ್ಣೆಂದು ಗುರುತಿಸಿದ ಅಕ್ಕಪಕ್ಕದವರು ತಡೆಯಲಿಲ್ಲ, ಹುರಿದುಂಬಿಸಿದರು. ಅರ್ಧದಾರಿಯಲ್ಲಿ ಸಿಗುವ ವೆಲ್ಸ್ಲಿ ಮಹಿಳಾ ಕಾಲೇಜಿನ ಹುಡುಗಿಯರಂತೂ ಕೂಗಿದ್ದೇ ಕೂಗಿದ್ದು. ಮುಂದೆ ನ್ಯೂಟನ್ನಿನ ದಿಣ್ಣೆಗಳು (ಕೊನೆಯದಕ್ಕೆ ಎದೆಯೊಡೆಯುವ ಗುಡ್ಡವೆಂದೇ ಹೆಸರು). ಅವನ್ನೂ ಹತ್ತಿಳಿದು 3 ಗಂಟೆ 21 ನಿಮಿಷಗಳಲ್ಲಿ ಗುರಿ ಮುಟ್ಟಿದಳು. ಮೂರರಲ್ಲಿ ಎರಡು ಪಾಲು ಗಂಡಸರು ಇನ್ನೂ ಹಿಂದಿದ್ದರು!

ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಆಗ ಹೊರಟ ಎಂಟು ಮಂದಿಯೂ ಓಟ ಮುಗಿಸಿದರು. ಹಾಪ್ಕಿಂಟನ್ನಿನಲ್ಲಿ 2021ರಿಂದ ಓಡುವ ಹುಡುಗಿಯ ಕಂಚಿನ ಪ್ರತಿಮೆಯೊಂದಿದೆ. ಅದನ್ನು ರೂಪಿಸಿದವರು ಗಿಬ್ ಅವರೇ.