‘ಆರಾಮ ಇದ್ದೀರಿ?’ ಎಂಬ ಪ್ರಶ್ನೆ

ಕೂಸು ನೋಡಲು ಬರುತ್ತೇನೆ ಎಂದವರಿಗೆ ‘ಈಗ ಬೇಡ’ ಎನ್ನುವುದು ನಮ್ಮ ಕಡೆ ಸುಲಭವಲ್ಲ. ಅದರಲ್ಲೂ ಬರುವವನು ಕೂಸಿನ ಸೋದರಮಾವ. ನನ್ನ ಹೆಂಡತಿಯ ತಮ್ಮ ಕೆಲಸದ ಮೇಲೆ ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಹೋಗಿದ್ದ. ಮಗಳಿಗೆ ಇಪ್ಪತ್ತು ದಿನವಾದಾಗ ಫೋನ್ ಮಾಡಿದ: “ಭಾವಾ, ಮುಂಬೈಯಾಗ ಇಳಿದು ಸೀದಾ ಪುಣೆಗೇ ಬರ್ತೀನ್ರಿ.”

ಹೆಂಡತಿಗೆ ಖುಷಿ, ಜೊತೆಗೇ ದಿಗಿಲು. 2024ರ ಜೂನ್‌ನಲ್ಲಿ ನಮ್ಮ ಕೋಥ್ರೂಡ್ ಪಕ್ಕದ ಎರಂಡವಣೆಯಲ್ಲಿ ಝೀಕಾ ಪತ್ತೆಯಾದಾಗ ಆಕೆ ಐದು ತಿಂಗಳ ಬಸುರಿ. ಮುಂದೆ ನಗರದಲ್ಲಿ ಸೋಂಕು ಖಚಿತವಾದವರಲ್ಲಿ ಗರ್ಭಿಣಿಯರು ಹಲವರಿದ್ದರು. ಝೀಕಾ ಗರ್ಭದಲ್ಲಿರುವ ಮಗುವಿನ ಮೆದುಳಿಗೇ ಪೆಟ್ಟು ಕೊಡಬಲ್ಲದು. ಆ ಮಳೆಗಾಲವನ್ನು ಕಿಟಕಿ ಮುಚ್ಚಿಯೇ ಕಳೆದಿದ್ದೆವು. ಈಗ ತಮ್ಮನ ಜೊತೆ ಮಲೇರಿಯಾ ಬಂದರೆ?

ಮಕ್ಕಳ ಡಾಕ್ಟರು ನಮ್ಮ ಭಯವನ್ನು ಎರಡು ಭಾಗ ಮಾಡಿಕೊಟ್ಟರು. ಮಲೇರಿಯಾ, ಡೆಂಗಿ, ಚಿಕುನ್‌ಗುನ್ಯ ಎತ್ತಿಕೊಂಡರೆ ಅಂಟುವುದಿಲ್ಲ. ನಡುವೆ ಸೊಳ್ಳೆ ಬೇಕು. ಹಾಗಾಗಿ ಜ್ವರ ಬಂದವರಿಗೂ ಸೊಳ್ಳೆಪರದೆ ಬೇಕು, ಕೂಸಿಗೂ ಬೇಕು. ಮಲೇರಿಯಾದ ಸೊಳ್ಳೆ ಕಚ್ಚುವುದು ರಾತ್ರಿ. ಡೆಂಗಿ, ಝೀಕಾ ಹರಡುವ ಸೊಳ್ಳೆ ಹಗಲಲ್ಲಿ. ಹಗಲೆಲ್ಲ ಮಲಗುವ ಕೂಸಿಗೆ ಹಗಲೂ ಪರದೆ ಇರಲಿ. ಎರಡು ತಿಂಗಳೊಳಗಿನ ಮಗುವಿಗೆ ಸೊಳ್ಳೆ ಓಡಿಸುವ ಕ್ರೀಮು ಹಚ್ಚಬಾರದು. ಕುಂಡದ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು.

ಇನ್ನೊಂದು ಭಾಗ ಉಸಿರು ಮತ್ತು ಕೈಯದು. ಫ್ಲೂ, ದಡಾರ, ನಾಯಿಕೆಮ್ಮು ಯಾವ ದೇಶದಿಂದಲಾದರೂ ಬರಬಹುದು, ವಿಮಾನದ ಪಕ್ಕದ ಸೀಟಿನಿಂದಲೂ ಬರಬಹುದು. ನಮ್ಮಲ್ಲಿ ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ನಾಯಿಕೆಮ್ಮಿನದು ಆರನೇ ವಾರಕ್ಕೆ ಶುರು. ಫ್ಲೂ ಲಸಿಕೆ ಆರು ತಿಂಗಳಿಗೆ ಮುಂಚೆ ಇಲ್ಲ. ಅಲ್ಲಿಯವರೆಗೆ ಸುತ್ತಲಿನವರ ಎಚ್ಚರವೇ ಕೂಸಿಗೆ ದೊಡ್ಡ ಕಾವಲು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಇದನ್ನೆಲ್ಲ ತಮ್ಮನಿಗೆ ಹೇಗೆ ಹೇಳುವುದು? ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ಅತ್ತೆಯವರೇ ಮಗನಿಗೆ ಹೇಳಿದರು: “ಊರಿಂದ ಬಂದವ್ರು ಕೈಕಾಲು ತೊಳಕೊಂಡು, ಒಂದೀಟು ಕೂತು, ಆಮ್ಯಾಲೆ ಬಾಣಂತಿ ಖೋಲಿಗೆ ಹೋಗೋದು. ಇದೇನು ಹೊಸಾದಲ್ಲ ತಮ್ಮಾ.”

ಜ್ವರ, ಭೇದಿ, ಮೈಮೇಲೆ ಗುಳ್ಳೆ ಇದೆಯೇ ಎಂದು ನಾನು ಕೇಳಿದೆ. ಇರಲಿಲ್ಲ. ಗಂಟಲು ಕೆರೆತ, ಕೆಮ್ಮು ಇತ್ತು. ರಜೆ ಇದ್ದದ್ದು ಹತ್ತೇ ದಿನ. ಅದರಲ್ಲಿ ಆರು ದಿನ ಹಿಂಜವಡಿಯ ಗೆಳೆಯನ ರೂಮಿನಲ್ಲಿ ಕಳೆದ. ಅಕ್ಕ ವಿಡಿಯೊ ಕಾಲ್‌ನಲ್ಲಿ ಕೂಸನ್ನು ತೋರಿಸಿ ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಮ್ಮು ಪೂರ್ತಿ ನಿಂತ ಮೇಲೆ ಬಂದು, ಕೈ ತೊಳೆದು, ಕೂಸನ್ನು ಎತ್ತಿಕೊಂಡ. ಮುಖಕ್ಕೆ ಮುದ್ದು ಕೊಡಲಿಲ್ಲ, ಪಾದ ಹಿಡಿದುಕೊಂಡು ಕೂತ. ಹೊರಡುವಾಗ ಅವನಿಗೆ ಒಂದು ಮಾತು ಹೇಳಿದೆ: ಮಲೇರಿಯಾ ವಾರಗಳ ನಂತರವೂ ಕಾಣಿಸಬಹುದು; ಜ್ವರ ಬಂದರೆ ಎಲ್ಲಿದ್ದೆ ಎಂಬುದನ್ನು ಡಾಕ್ಟರಿಗೆ ಮೊದಲೇ ತಿಳಿಸಿ ರಕ್ತ ಪರೀಕ್ಷೆ ಮಾಡಿಸು.

‘ಆರಾಮ ಇದ್ದೀರಿ?’ ಎನ್ನುವುದು ನಮ್ಮ ಕಡೆ ಬರೀ ನಮಸ್ಕಾರದಂತೆ. ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಮನೆಯಲ್ಲಿ ಹಸುಗೂಸಿದ್ದಾಗ ಮಾತ್ರ ಅದನ್ನು ಕೇಳಿ, ಉತ್ತರಕ್ಕಾಗಿ ಬಾಗಿಲಲ್ಲೇ ನಿಲ್ಲಬೇಕು.