ಅರ್ಜಿ ಹಾಕದವನ ಹಕ್ಕು

ಪರೀಕ್ಷೆಯಲ್ಲಿ ಅನುತ್ತೀರ್ಣನಾದವನ ದುಃಖಕ್ಕಿಂತ, ಉತ್ತೀರ್ಣನಾಗಿಯೂ 'ಅರ್ಹನಲ್ಲ' ಎನ್ನಿಸಿಕೊಂಡವನ ದುಃಖ ದೊಡ್ಡದು. ನಿವೃತ್ತಿಯ ನಂತರದ ಈ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಹಲವರು ಈ ದುಃಖವನ್ನು ಹೊತ್ತು ಬಂದಿದ್ದಾರೆ. ಆಯ್ಕೆಪಟ್ಟಿಯಲ್ಲಿ ಹೆಸರು ಬಂದು, ಮೂಲ ದಾಖಲೆಗಳ ಪರಿಶೀಲನೆಯ ದಿನ ವಿದ್ಯಾರ್ಹತೆ ಹೊಂದುವುದಿಲ್ಲವೆಂದು ಕೈಬಿಟ್ಟಿರುತ್ತಾರೆ. "ಮೇಷ್ಟ್ರೇ, ಕೋರ್ಟಿಗೆ ಹೋದರೆ ಸಿಗಬಹುದೇ?" ಎಂಬುದು ಅವರೆಲ್ಲರ ಪ್ರಶ್ನೆ. ನಾನು ವಕೀಲನಲ್ಲ. ಆದರೆ ಉತ್ತರ ಹುಡುಕುವ ನೆಪದಲ್ಲಿ ಕೆಲವು ತೀರ್ಪುಗಳನ್ನು ಓದಿಕೊಂಡಿದ್ದೇನೆ. ಓದಿ ತಿಳಿದುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ವಿಷಯದಲ್ಲಿ ದೇಶವೆಲ್ಲ ಇಂದಿಗೂ ಉಲ್ಲೇಖಿಸುವ ತೀರ್ಪೊಂದು ನಮ್ಮ ನೆಲದ್ದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಅಲ್ಲಿನ ಇಂಗ್ಲಿಷ್ ಸಂಶೋಧನಾ ರೀಡರ್ ಹುದ್ದೆಗೆ ಅಣ್ಣಯ್ಯಗೌಡರ ನೇಮಕವಾಯಿತು. ಪ್ರಥಮ ದರ್ಜೆಯ ಅಥವಾ 'ಉನ್ನತ ದ್ವಿತೀಯ ದರ್ಜೆ'ಯ ಸ್ನಾತಕೋತ್ತರ ಪದವಿ, ಇಲ್ಲವೇ ವಿದೇಶಿ ವಿಶ್ವವಿದ್ಯಾನಿಲಯದ ತತ್ಸಮಾನ ಅರ್ಹತೆ ಇರಬೇಕೆಂಬುದು ಜಾಹೀರಾತಿನ ಷರತ್ತು. ಗೌಡರು ಇಲ್ಲಿನ ಎಂ.ಎ.ಯಲ್ಲಿ ಪಡೆದ ಅಂಕ ಶೇ. 50.2, ಜೊತೆಗೆ ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾನಿಲಯದ ಎಂ.ಎ. ಪದವಿಯೂ ಇತ್ತು. ನೇಮಕವನ್ನು ಪ್ರಶ್ನಿಸಿದ ರಿಟ್ ಅರ್ಜಿಯನ್ನು ಮೈಸೂರು ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆದರೆ 1963ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಆಯ್ಕೆ ಮಂಡಳಿಯಲ್ಲಿ ಕುಳಿತವರು ವಿಷಯ ಬಲ್ಲವರು. ಅವರ ಮೇಲೆ ದುರುದ್ದೇಶದ ಆರೋಪವಿಲ್ಲ. ಇಂಥ ಸಂದರ್ಭದಲ್ಲಿ ಶೈಕ್ಷಣಿಕ ವಿಷಯದ ತಜ್ಞರ ಅಭಿಪ್ರಾಯದಲ್ಲಿ ನ್ಯಾಯಾಲಯ ಸುಲಭವಾಗಿ ಕೈಹಾಕಬಾರದು ಎಂಬುದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ತೀರ್ಪಿನ ಸಾರ.

ನಮ್ಮ ಮೇಷ್ಟರ ಭಾಷೆಯಲ್ಲಿ ಹೇಳುವುದಾದರೆ, ನ್ಯಾಯಾಲಯ ಮಾಡುವುದು ಅಂಕಗಳ ಮರುಎಣಿಕೆಯೇ ಹೊರತು ಮರುಮೌಲ್ಯಮಾಪನವಲ್ಲ. ಉತ್ತರಕ್ಕೆ ಎಷ್ಟು ಅಂಕ ಸಲ್ಲಬೇಕೆಂದು ಅದು ಹೇಳುವುದಿಲ್ಲ. ಯಾವುದಾದರೂ ಉತ್ತರವನ್ನು ತಿದ್ದದೆ ಬಿಟ್ಟಿದ್ದಾರೆಯೇ, ಕೂಡಿಸುವುದರಲ್ಲಿ ತಪ್ಪಿದ್ದಾರೆಯೇ, ಒಬ್ಬನಿಗೊಂದು ನಿಯಮ ಇನ್ನೊಬ್ಬನಿಗೊಂದು ನಿಯಮ ಮಾಡಿದ್ದಾರೆಯೇ ಎಂಬುದನ್ನು ಮಾತ್ರ ನೋಡುತ್ತದೆ.

ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತದ್ದು 1990ರ ಇನ್ನೊಂದು ತೀರ್ಪು. ಆಂಧ್ರದ ವಿಜಯನಗರಂ ಜಿಲ್ಲೆಯ ವಸತಿ ಶಾಲೆಯ ಶಿಕ್ಷಕ ಹುದ್ದೆಗೆ ದ್ವಿತೀಯ ದರ್ಜೆಯ ಸ್ನಾತಕೋತ್ತರ ಪದವಿ ಬೇಕೆಂದು ಜಾಹೀರಾತು ಹೇಳಿತ್ತು. ಆಯ್ಕೆಯಾದ ಶಿಕ್ಷಕಿಯದು ತೃತೀಯ ದರ್ಜೆ. ಆಯ್ಕೆ ಮಾಡಿದವರೇ ಒಪ್ಪಿದ ಮೇಲೆ ತಕರಾರೇನು ಎಂದು ನಮಗೆ ಅನ್ನಿಸುವುದು ಸಹಜ. ಸರ್ವೋಚ್ಚ ನ್ಯಾಯಾಲಯ ಹೇಳಿದ್ದು ಬೇರೆ. ಇದು ನೇಮಿಸುವವರಿಗೂ ನೇಮಕಗೊಂಡವರಿಗೂ ಮಾತ್ರ ಸಂಬಂಧಿಸಿದ ವ್ಯವಹಾರವಲ್ಲ. ಅಷ್ಟೇ ಅರ್ಹತೆ ಅಥವಾ ಅದಕ್ಕಿಂತ ಹೆಚ್ಚಿನ ಅರ್ಹತೆ ಇದ್ದೂ, ಜಾಹೀರಾತನ್ನು ಓದಿ ತಮಗೆ ಸಲ್ಲದೆಂದು ಸುಮ್ಮನಾದವರೆಲ್ಲ ಇಲ್ಲಿ ಅನ್ಯಾಯಕ್ಕೊಳಗಾದವರು. ಷರತ್ತನ್ನು ಮೀರಿ ನೇಮಿಸುವುದು ಸಾರ್ವಜನಿಕರಿಗೆ ಮಾಡುವ ವಂಚನೆ ಎಂದಿತು.

ಇದನ್ನು ಓದಿದಾಗ ನನಗೆ ನೆನಪಾದವನು ನನ್ನೊಬ್ಬ ವಿದ್ಯಾರ್ಥಿ. ಅರ್ಜಿಯ ಕೊನೆಯ ದಿನಾಂಕಕ್ಕೆ ಅವನ ಪದವಿಯ ಫಲಿತಾಂಶ ಬಂದಿರಲಿಲ್ಲ. "ಹಾಕಿಬಿಡೋ, ಆಮೇಲೆ ನೋಡಿಕೊಳ್ಳೋಣ" ಎಂದು ಗೆಳೆಯರು ಒತ್ತಾಯಿಸಿದರೂ, "ಇಲ್ಲದ್ದನ್ನು ಇದೆಯೆಂದು ಹೇಗೆ ಬರೆಯಲಿ ಮೇಷ್ಟ್ರೇ?" ಎಂದು ಬಿಟ್ಟುಬಿಟ್ಟ. ಇಂದು ಊರಿನಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದಾನೆ. ಕೊನೆಯ ದಿನಾಂಕದ ನಂತರ ಪದವಿ ಪಡೆದವರನ್ನೂ ಪರಿಗಣಿಸಬಹುದೆಂದು 1993ರಲ್ಲಿ ಬಹುಮತದಿಂದ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ, 1997ರಲ್ಲಿ ಅದೇ ಪ್ರಕರಣವನ್ನು ಮರುಪರಿಶೀಲಿಸಿ ಆ ಮಾತನ್ನು ಹಿಂತೆಗೆದುಕೊಂಡಿತು. ಆ ಹುಡುಗನಂಥವರ ಪರವಾಗಿ ವಾದಿಸಲು ನ್ಯಾಯಾಲಯದಲ್ಲಿ ಯಾರೂ ನಿಂತಿರುವುದಿಲ್ಲ. ಅವರ ಹಕ್ಕನ್ನು ಕಾಯುವುದು ನಿಯಮ ಮಾತ್ರ.

ಹೆಚ್ಚು ಓದಿದವರ ಅಳಲು ಇನ್ನೊಂದು ಬಗೆಯದು. ಪ್ರಥಮ ದರ್ಜೆಯಲ್ಲಿ ಬಿ.ಎಡ್. ಮುಗಿಸಿದ ಶಿಷ್ಯೆಯೊಬ್ಬಳು, "ಒಂದನೇ ತರಗತಿಗೆ ಕಲಿಸಲು ಬಿ.ಎಡ್. ಸಾಲದೇ ಸಾರ್?" ಎಂದು ಕಣ್ಣೀರು ಹಾಕಿದಳು. 2018ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಒಂದರಿಂದ ಐದನೇ ತರಗತಿಗಳಿಗೂ ಬಿ.ಎಡ್. ಆದವರು ಅರ್ಹರೆಂದು ಅಧಿಸೂಚನೆ ಹೊರಡಿಸಿತ್ತು. ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ತರಬೇತಿ ಪಡೆಯಬೇಕಿತ್ತು. ರಾಜಸ್ಥಾನ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ದಿನಕ್ಕೆ ಮೊದಲೇ, ಪ್ರಕರಣದ ಫಲಿತಾಂಶಕ್ಕೆ ಒಳಪಡದೆ ನೇಮಕಗೊಂಡಿದ್ದವರಿಗೆ 2024ರಲ್ಲಿ ರಕ್ಷಣೆ ದೊರೆಯಿತು.

ಟಿ.ಸಿ.ಹೆಚ್. ಮುಗಿಸಿ ನಲಿ-ಕಲಿ ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಕಲಿಸಿದ ನನಗೆ ಈ ತೀರ್ಪು ಕಠಿಣವೆನಿಸಿದರೂ ಅನ್ಯಾಯವೆನಿಸಲಿಲ್ಲ. ಒತ್ತಕ್ಷರದಲ್ಲಿ ಮಗು ಎಲ್ಲಿ ಎಡವುತ್ತದೆ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಏಕೆ ಗೊಂದಲಗೊಳ್ಳುತ್ತದೆ ಎಂಬುದು ದೊಡ್ಡ ಪದವಿಯಿಂದ ತಾನಾಗಿ ತಿಳಿಯುವುದಿಲ್ಲ. ಅದು ಬೇರೆಯೇ ವಿದ್ಯೆ. ಆದರೂ ಸರ್ಕಾರದ ಮಾತನ್ನು ನಂಬಿ ವರ್ಷಗಟ್ಟಲೆ ಓದಿದ ಆ ಹುಡುಗಿಯ ನಷ್ಟವನ್ನು ತುಂಬಿಕೊಡುವವರು ಯಾರು? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಹಾಗೆಂದು ನ್ಯಾಯಾಲಯದ ಬಾಗಿಲು ಮುಚ್ಚಿದೆಯೆಂದು ತಿಳಿಯಬೇಡಿ. ಕೇರಳದ ನಿಯಮದಲ್ಲೇ ಉನ್ನತ ವಿದ್ಯಾರ್ಹತೆಗೆ ಅವಕಾಶವಿದ್ದುದರಿಂದ ಡಿಪ್ಲೊಮಾ ಕೇಳಿದ ಹುದ್ದೆಗೆ ಬಿ.ಟೆಕ್. ಪದವೀಧರರು 2010ರಲ್ಲಿ ಗೆದ್ದರು. ಅಂಥ ನಿಯಮವಿಲ್ಲದ ಜಮ್ಮು-ಕಾಶ್ಮೀರದಲ್ಲಿ ಐ.ಟಿ.ಐ. ಕೇಳಿದ ಹುದ್ದೆಗೆ ಡಿಪ್ಲೊಮಾದವರು 2018ರಲ್ಲಿ ಸೋತರು. ಆಯ್ಕೆ ಪ್ರಕ್ರಿಯೆ ಆರಂಭವಾದ ಮೇಲೆ, ನಿಯಮದಲ್ಲಿ ಅವಕಾಶವಿಲ್ಲದೆ ಅರ್ಹತೆಯ ಷರತ್ತನ್ನು ನಡುವೆ ಬದಲಿಸುವಂತಿಲ್ಲವೆಂದು 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿದೆ.

ಆದುದರಿಂದ ಮಕ್ಕಳೇ, ಅಧಿಸೂಚನೆಯ ಜೊತೆಗೆ ಆ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮಗಳನ್ನೂ ಓದಿರಿ. 'ತತ್ಸಮಾನ' ಎಂಬ ಪದ ಇದೆಯೇ, ಸಮಾನವೆಂದು ಘೋಷಿಸುವವರು ಯಾರು ಎಂಬುದನ್ನು ಮೊದಲೇ ತಿಳಿದುಕೊಳ್ಳಿರಿ. ಷರತ್ತೇ ತಪ್ಪೆಂದು ತೋರಿದರೆ ಆಗಲೇ ಪ್ರಶ್ನಿಸಿರಿ. ಪರೀಕ್ಷೆ ಬರೆದು, ಆಯ್ಕೆಯಾಗದ ನಂತರ ಎತ್ತುವ ತಕರಾರಿಗೆ ನ್ಯಾಯಾಲಯಗಳು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. ರಾಜ್ಯ ಸೇವೆಯ ನೇಮಕಾತಿಯಾದರೆ ಮೊದಲು ಆಡಳಿತ ನ್ಯಾಯಮಂಡಳಿಗೆ, ಆಮೇಲೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಇದಕ್ಕೆ ವರ್ಷಗಳು ಹಿಡಿಯುತ್ತವೆ. ಆ ವರ್ಷಗಳಲ್ಲಿ ವಯೋಮಿತಿ ಕಾಯುತ್ತಾ ಕೂರುವುದಿಲ್ಲ.

ಸಂಶಯವಿದ್ದವರು ಅಂಕಪಟ್ಟಿ, ಅಧಿಸೂಚನೆ ಎರಡನ್ನೂ ತೆಗೆದುಕೊಂಡು ಮನೆಗೆ ಬನ್ನಿ. ಇಬ್ಬರೂ ಕುಳಿತು ಓದೋಣ. ಕೊನೆಯ ದಿನಾಂಕಕ್ಕೆ ಮುಂಚೆ ಬಂದರೆ ಇನ್ನೂ ಒಳ್ಳೆಯದು.